ತೋಳದ ಸಂಸಾರ ಬರೆಯಲು ಹಿಮವೇ ಬೇಕೇ?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹೋದ ಭಾನುವಾರದ ಪುರವಣಿಯಲ್ಲಿ ನೀವು ಅರ್ಧ ಪುಟಕ್ಕೆ ಒಂದು ಚಿತ್ರ ಹಾಕಿದ್ದಿರಿ. ಹಿಮ ಹೊದ್ದ ಪೈನ್ ಮರಗಳು, ಹಿಂದೆ ನೀಲಿ ಬೆಟ್ಟ. ಮುಂದೆ ಒಂದು ಗಂಡು ತೋಳ, ಒಂದು ಹೆಣ್ಣು, ಕಾಲ ಸಂದಿಯಲ್ಲಿ ಮೂರು ಮರಿ. ಕೆಳಗೆ 'ಕಾಡಿನ ಮಡಿಲಲ್ಲಿ ತೋಳದ ಸಂಸಾರ' ಅಂತ ಒಂದು ಸಾಲು. ಚಿತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತುಪ್ಪಳದ ಮೇಲೆ ಬೆಳಕು ಬಿದ್ದಿರುವ ರೀತಿ ನೋಡಿದರೆ ಬರೆದವರ ಕೈ ಪಳಗಿದ್ದು ಅಂತ ಗೊತ್ತಾಗುತ್ತದೆ. ನನ್ನ ತಕರಾರು ಬೇರೆ. ಆ ಚಿತ್ರದ ಕೆಳಗೇ ನೀವು ಹಾಕಿದ್ದು ಕೊಪ್ಪಳ ಜಿಲ್ಲೆಯ ಬಂಕಾಪುರ ತೋಳಧಾಮದ ಲೇಖನ. ಗಂಗಾವತಿ ತಾಲ್ಲೂಕಿನಲ್ಲಿ ಹಿಮ ಯಾವಾಗ ಬಿತ್ತು ಸ್ವಾಮಿ?

ನಾನು ಮೂಲತಃ ಕುಷ್ಟಗಿ ಕಡೆಯವನು. ಪುಣೆಯ ನಾರಾಯಣ ಪೇಟೆಯಲ್ಲಿ ಫ್ರೇಮ್ ಹಾಕುವ ಅಂಗಡಿ ಇಟ್ಟುಕೊಂಡಿದ್ದೇನೆ. ನಿಮ್ಮ ಪತ್ರಿಕೆಯನ್ನು ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಫೋನಿನಲ್ಲೇ ಓದುತ್ತೇನೆ. ಬಂಕಾಪುರದ ಹೆಸರು ಕಂಡರೆ ಬಿಡುವುದಿಲ್ಲ. ನಮ್ಮ ಕಡೆಯ ಸುದ್ದಿ, ಅಲ್ವಾ? 2025ರಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿತು ಅಂತ ಸುದ್ದಿ ಬಂದಾಗ ಪಕ್ಕದ ಜೆರಾಕ್ಸ್ ಅಂಗಡಿಯವರನ್ನು ಕರೆದು ಓದಿ ಹೇಳಿದ್ದೆ. ಅವರು ಮರಾಠಿಯವರು. 'ನಿಮ್ಮಲ್ಲಿ ತೋಳಕ್ಕೂ ಧಾಮ ಉಂಟಾ!' ಅಂತ ನಕ್ಕರು. ಅವರದೇ ಪುಣೆ ಜಿಲ್ಲೆಯಲ್ಲಿ, ಸಾಸವಡ, ಜೇಜುರಿ, ಬಾರಾಮತಿ ಸುತ್ತಮುತ್ತ ತೋಳ ಓಡಾಡುವುದು ಅವರಿಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದಿರುವುದಕ್ಕೆ ಚಿತ್ರಗಳೂ ಕಾರಣ ಅಂತ ನನ್ನ ಅಭಿಪ್ರಾಯ. ನನ್ನ ಅಂಗಡಿಗೆ ಬರುವ ಚಿತ್ರಗಳಲ್ಲಿ ದೇವರು ಮೊದಲು, ವಾಸ್ತು ಪ್ರಕಾರ ಓಡುವ ಏಳು ಕುದುರೆ ಎರಡನೆಯದು. ಇತ್ತೀಚೆಗೆ ತೋಳವೂ ಜಾಸ್ತಿಯಾಗಿದೆ. ವಾಕಡ, ಹಿಂಜವಡಿ ಕಡೆ ಹೊಸ ಫ್ಲಾಟ್ ತಗೊಂಡವರು ತರುತ್ತಾರೆ. ಎಲ್ಲಿಂದಲೋ ಇಳಿಸಿಕೊಂಡ ಚಿತ್ರ, ಕ್ಯಾನ್ವಾಸ್ ಮೇಲೆ ಪ್ರಿಂಟ್. 'ಫ್ಯಾಮಿಲಿ ಬಾಂಡಿಂಗ್ ತೋರಿಸುತ್ತೆ' ಅನ್ನುತ್ತಾರೆ. ಎಲ್ಲದರಲ್ಲೂ ಹಿಮ, ಎಲ್ಲದರಲ್ಲೂ ಹುಣ್ಣಿಮೆ ಚಂದ್ರ. ಹತ್ತಕ್ಕೆ ಎಂಟರಲ್ಲಿ ಬೆಳೆದ ತೋಳಕ್ಕೆ ನೀಲಿ ಕಣ್ಣು. ತೋಳದ ಮರಿಗೆ ಮಾತ್ರ ಕಣ್ಣು ನೀಲಿ. ಕೆಲವೇ ವಾರಗಳಲ್ಲಿ ಅದು ಹಳದಿಗೆ, ಜೇನುಬಣ್ಣಕ್ಕೆ ತಿರುಗುತ್ತದೆ. ದೊಡ್ಡದಾದ ಮೇಲೂ ನೀಲಿ ಕಣ್ಣು ಉಳಿಯುವುದು ಹಸ್ಕಿ ನಾಯಿಗಳಲ್ಲಿ. ಅಂದರೆ ಜನ ಗೋಡೆಗೆ ಹಾಕಿಕೊಳ್ಳುತ್ತಿರುವುದು ಅರ್ಧ ನಾಯಿ. ನಾನು ಹೇಳಲು ಹೋಗುವುದಿಲ್ಲ, ಗಿರಾಕಿ ಕಳೆದುಕೊಳ್ಳುವುದು ಯಾರಿಗೆ ಬೇಕು.

ಹಿಮದ ತೋಳ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಲಡಾಖಿನಲ್ಲಿ, ಹಿಮಾಚಲದ ಸ್ಪಿತಿಯಲ್ಲಿ ದಪ್ಪ ತುಪ್ಪಳದ ತೋಳ ಇದೆ. ಆದರೆ ಕರ್ನಾಟಕ, ಮಹಾರಾಷ್ಟ್ರ, ರಾಜಸ್ಥಾನ, ಗುಜರಾತದ ಬಯಲಲ್ಲಿ ಇರುವುದು ಬೇರೆ ಥರದ್ದು. ಉತ್ತರದ ದೊಡ್ಡ ತೋಳ ನಲವತ್ತು ಕಿಲೋ ದಾಟುತ್ತದೆ. ನಮ್ಮದು ಇಪ್ಪತ್ತರ ಆಸುಪಾಸು. ಬಿಸಿಲಿನ ಪ್ರಾಣಿ, ಒಳತುಪ್ಪಳ ಕಮ್ಮಿ, ಕಾಲು ಉದ್ದ, ಕಿವಿ ದೊಡ್ಡದು, ಬಣ್ಣ ಒಣಹುಲ್ಲಿನದು. ನೋಡಲು ಬಡಕಲು ಅನ್ನಿಸಬಹುದು. ಹಾಗಂತ ಕಡಿಮೆ ಕುಲದ್ದು ಅಂದುಕೊಳ್ಳಬೇಡಿ. 2021ರಲ್ಲಿ ವಿಜ್ಞಾನಿಗಳು ಇದರ ಪೂರ್ತಿ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಬರಹ, ಓದಿ ನೋಡಿದಾಗ, ಜಗತ್ತಿನಲ್ಲಿ ಈಗ ಬದುಕಿರುವ ಬೂದು ತೋಳಗಳಲ್ಲೇ ತುಂಬಾ ಹಳೆಯ ಕವಲುಗಳಲ್ಲಿ ಇದೊಂದು ಅಂತ ಕಂಡುಬಂತು. ಕೆನಡಾದ ತೋಳ ಇದರ ಮುಂದೆ ನಿನ್ನೆ ಮೊನ್ನೆಯದು.

ಇನ್ನೂ ಒಂದು ವಿಷಯ ಪುಣೆಯವರಿಗೇ ಗೊತ್ತಿಲ್ಲ. ಈ ತೋಳಕ್ಕೆ ವಿಜ್ಞಾನದ ಪುಸ್ತಕದಲ್ಲಿ ಹೆಸರು ಬಿದ್ದದ್ದು ದಖ್ಖನ್ನಿನ ತೋಳ ನೋಡಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ವಿಲಿಯಂ ಹೆನ್ರಿ ಸೈಕ್ಸ್ ಅನ್ನುವ ಸೇನಾಧಿಕಾರಿ ಮುಂಬೈ ಸರ್ಕಾರದ ಪರವಾಗಿ ದಖ್ಖನ್ನಿನ ಹಳ್ಳಿಗಳ ಲೆಕ್ಕ ಬರೆಯುತ್ತಾ ಸುತ್ತಿದವನು. ಜೊತೆಗೆ ಹಕ್ಕಿ, ಪ್ರಾಣಿಗಳ ಪಟ್ಟಿಯನ್ನೂ ಮಾಡಿದ. ಈ ತೋಳದ ವರ್ಣನೆ ಅವನು ಪ್ರಕಟಿಸಿದ್ದು 1831ರಲ್ಲಿ. ನಮ್ಮ ಕಡೆಯ ತೋಳವೇ ಇಡೀ ಭಾರತದ ಬಯಲು ತೋಳಕ್ಕೆ ಮಾದರಿ. ಅಂಥ ಊರಿನ ಅಂಗಡಿಯಲ್ಲಿ ಕೂತು ನಾನು ದಿನಾ ಕೆನಡಾದ ತೋಳಕ್ಕೆ ಫೈಬರ್ ಪಟ್ಟಿ ಕೊಯ್ಯುತ್ತಿದ್ದೇನೆ.

ಈಗ ಪತ್ರ ಬರೆಯಲು ಕೂರಿಸಿದ ಚಿತ್ರದ ವಿಷಯಕ್ಕೆ ಬರುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಚಿತ್ರಕಲೆ ಓದುವವಳು, ಸೊಲ್ಲಾಪುರದವಳು. ಫೋನಿನಲ್ಲಿ ಅವರ ಅವ್ವನ ಜೊತೆ ಕನ್ನಡ ಮಾತಾಡುವುದು ಕೇಳಿ ನಾನೂ ಕನ್ನಡದಲ್ಲೇ ವಿಚಾರಿಸಿದೆ. 'ಕಾಕಾ, ಇದಕ್ಕೆ ಗಾಜು ಹಾಕಬೇಕು, ಆದರೆ ಗಾಜು ಚಿತ್ರಕ್ಕೆ ತಾಗಬಾರದು' ಅಂದಳು. ಕೆಲಸ ಗೊತ್ತಿದ್ದವಳು ಅನ್ನಿಸಿತು. ದಪ್ಪ ಕಾಗದದ ಮೇಲೆ ಪೋಸ್ಟರ್ ಕಲರಿನ ಚಿತ್ರ. ಅಂಥದ್ದಕ್ಕೆ ಗಾಜು ನೇರವಾಗಿ ಅಂಟಿದರೆ ಪುಣೆಯ ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬೂಷ್ಟು. ಅದಕ್ಕೇ ನಡುವೆ ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟಿನ ಅಂಚು ಕೊಡುವುದು.

ಚಿತ್ರ ಮೇಜಿನ ಮೇಲೆ ಬಿಡಿಸಿ ಇಟ್ಟೆವು. ಸಾಸವಡದ ಆಚೆಯ ಮಾಳ. ಕಾಡೂ ಇಲ್ಲ, ಹಿಮವೂ ಇಲ್ಲ. ಮೊಣಕಾಲೆತ್ತರ ಒಣಗಿದ ಹುಲ್ಲು, ಅಲ್ಲಲ್ಲಿ ತಂಗಡಿ ಗಿಡ, ಒಂದು ಬಾರಿಹಣ್ಣಿನ ಮುಳ್ಳುಪೊದೆ. ಹಳ್ಳದ ದಂಡೆ ಕೊರೆದು ಮಾಡಿದ ಗವಿ. ಗವಿಯ ಬಾಯಲ್ಲಿ ತಾಯಿ ಮಲಗಿದೆ, ಪಕ್ಕೆಲುಬು ಎಣಿಸಬಹುದು. ನಾಲ್ಕು ಮರಿ. ಮರಿಗಳನ್ನು ಅವಳು ಬೂದು ಮಾಡಿರಲಿಲ್ಲ, ಮಸಿ ಬೆರೆಸಿದ ಕಂದು ಬಣ್ಣ ಕೊಟ್ಟು ಎದೆಯ ಮೇಲೆ ಒಂದೊಂದು ಬಿಳಿ ಮಚ್ಚೆ ಇಟ್ಟಿದ್ದಳು. ನಮ್ಮ ತೋಳದ ಮರಿ ಹುಟ್ಟುವುದು ಹಾಗೇ. ಬೆಳೆಯುತ್ತಾ ಆ ಬಿಳಿ ಮಾಸಿಹೋಗುತ್ತದೆ. ಸ್ವಲ್ಪ ದೂರದಲ್ಲಿ ಗಂಡು ತೋಳ ಆಗಷ್ಟೇ ಬಂದು ತಲೆ ತಗ್ಗಿಸಿ ನಿಂತಿದೆ. ಒಂದು ಮರಿ ಎದ್ದು ನಿಂತು ಅದರ ಬಾಯಿ ಮೂಲೆ ನೆಕ್ಕುತ್ತಿದೆ. ಹಿಂದೆ ಇನ್ನೊಂದು ತೋಳ ಕೂತಿದೆ, ಹೋದ ವರ್ಷದ ಮರಿ, ಈಗ ದೊಡ್ಡ ಅಕ್ಕ.

ಅದೇ ಹೊತ್ತಿಗೆ ಒಬ್ಬ ಗಿರಾಕಿ ಬಂದರು. ದಾವಣಗೆರೆಯವರು, ಇಲ್ಲಿ ಸಾಫ್ಟ್‌ವೇರ್ ಕೆಲಸ, ಸಜ್ಜನರು. ಅವರ ಹಿಮದ ತೋಳದ ಪ್ರಿಂಟು ನನ್ನ ಹತ್ತಿರವೇ ತಯಾರಾಗುತ್ತಿತ್ತು. ಹುಡುಗಿಯ ಚಿತ್ರ ನೋಡಿ, 'ಇದು ಬೀದಿನಾಯಿ ಅಲ್ವಾ?' ಅಂದರು. ಹುಡುಗಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ. 'ಅಣ್ಣಾ, ಬಾಲ ನೋಡ್ರಿ' ಅಂದಳು. ಬಾಲ ಸುರುಳಿ ಸುತ್ತಿಲ್ಲ, ನೆಟ್ಟಗೆ ಕೆಳಗೆ ಇಳಿದಿದೆ. ಎದೆ ಕಿರಿದು, ಕಾಲು ಉದ್ದ, ಕಣ್ಣು ಓರೆ, ಬೆನ್ನ ಮೇಲೆ ಕರಿಗೂದಲಿನ ಪಟ್ಟೆ. ಒಂದೊಂದಾಗಿ ತೋರಿಸಿದಳು. ಅವರು ಬಗ್ಗಿ ನೋಡಿದರು, ತಲೆದೂಗಿದರು. ಕೊನೆಗೆ, 'ಹಿಂದೆ ಆ ಕರೆಂಟ್ ಕಂಬ ತೆಗೆದಿದ್ದರೆ ಚೆನ್ನಾಗಿರುತ್ತಿತ್ತು' ಅಂದರು.

ಹೌದು, ಚಿತ್ರದಲ್ಲಿ ಹೈಟೆನ್ಷನ್ ಕಂಬ ಇದೆ. ಅದರ ಹಿಂದೆ ಪ್ಲಾಟ್ ಮಾಡಲು ಹಾಕಿದ ತಂತಿ ಬೇಲಿ, ಇನ್ನೂ ಹಿಂದೆ ಕಬ್ಬಿನ ಹಸಿರು. ಬೇಲಿಯ ಆಚೆ ಒಂದು ಕುರಿ ಹಿಂಡು, ಹೆಗಲ ಮೇಲೆ ಕಂಬಳಿ ಹಾಕಿದ ಧನಗರ, ಅಂದರೆ ಈ ಕಡೆಯ ಕುರಿಗಾರ. 'ಕಂಬ ತೆಗೆದರೆ ತೋಳ ಎಲ್ಲಿ ನಿಲ್ಲಬೇಕು ಅಣ್ಣಾ?' ಅಂದಳು ಹುಡುಗಿ. ನಾನು ಬಾಯಿ ಹಾಕಲಿಲ್ಲ. ಆದರೆ ಆ ಮಾತು ಸರಿ ಅಂತ ನನಗೆ ಆಗಲೇ ಅನ್ನಿಸಿತ್ತು. ವನ್ಯಜೀವಿ ಚಿತ್ರ ಅಂದರೆ ಮನುಷ್ಯರ ಗುರುತೇ ಇರಬಾರದು ಅಂತ ಯಾರೋ ಕಟ್ಟಳೆ ಮಾಡಿಟ್ಟಿದ್ದಾರೆ. ಹುಲಿಗೆ ಅದು ಸರಿಹೋಗಬಹುದು. ನಮ್ಮ ತೋಳ ಬದುಕಿದ್ದೇ ಕುರಿ ಹಿಂಡಿನ ಬೆನ್ನಿಗೆ, ಹೊಲದ ಬದುವಿಗೆ.

ಲೆಕ್ಕ ನೋಡಿ. ಬಾರಾಮತಿ ತಾಲ್ಲೂಕಿನ ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯ ಇದೆ, ಚಿಂಕಾರ ಅನ್ನುವ ಹುಲ್ಲೆಗೆ ಹೆಸರಾದದ್ದು, 1997ರಲ್ಲಿ ಆದದ್ದು. ಅದರ ವಿಸ್ತೀರ್ಣ 5.14 ಚದರ ಕಿಲೋಮೀಟರ್. ತೋಳದ ಒಂದು ಗುಂಪು ತಿರುಗುವುದು ನೂರು ಚದರ ಕಿಲೋಮೀಟರಿಗಿಂತ ಜಾಸ್ತಿ ಜಾಗ. ಅಂದಮೇಲೆ ಅದರ ದಿನಚರಿಯೆಲ್ಲ ಅಭಯಾರಣ್ಯದ ಹೊರಗೇ ಅಲ್ವಾ? ಹಗಲು ಪೊದೆಯಲ್ಲಿ, ರಾತ್ರಿ ಹೊಲದಲ್ಲಿ. ಸಿಕ್ಕರೆ ಮೊಲ, ಇಲಿ, ಚಿಂಕಾರ. ಇಲ್ಲವಾದರೆ ಕುರಿ, ಕೋಳಿ ಫಾರಂ ಹೊರಗೆ ಬಿಸಾಕಿದ್ದು. ಇಡೀ ದೇಶದಲ್ಲಿ ಇಂಥ ಬಯಲು ತೋಳ ಎರಡು ಮೂರು ಸಾವಿರ ಅಂತ ಅಂದಾಜು. ಹುಲಿಯ ಹಾಗೆ ಇದೂ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲೇ, ಅಂದರೆ ಹೆಚ್ಚಿನ ರಕ್ಷಣೆ ಇರುವ ಪಟ್ಟಿಯಲ್ಲೇ ಇದೆ. ಆದರೂ ಹುಲಿಗೆ ಸಿಗುವ ಗೋಡೆ, ಕ್ಯಾಲೆಂಡರ್, ಅಂಚೆಚೀಟಿ ಇದಕ್ಕೆ ಎಲ್ಲಿ?

ಜನ ಇದಕ್ಕೆ ಗೋಡೆ ಕೊಡದಿರುವುದಕ್ಕೂ ಸರ್ಕಾರ ಇದಕ್ಕೆ ಜಾಗ ಕೊಡದಿರುವುದಕ್ಕೂ ನಂಟಿದೆ ಅಂತ ನನಗೆ ಅನ್ನಿಸುತ್ತದೆ. ಹುಲ್ಲು ಮಾಳವನ್ನು ಕಾಗದಪತ್ರದಲ್ಲಿ ಪಾಳು ಭೂಮಿ ಅಂತ ಬರೆಯುತ್ತಾರೆ. ಪಾಳು ಅಂದಮೇಲೆ ಕಾರ್ಖಾನೆ ಬರಲಿ, ಸೋಲಾರ್ ಬರಲಿ, ಪ್ಲಾಟ್ ಬೀಳಲಿ. ಏನೂ ಬರದಿದ್ದರೆ ಸುಮ್ನೆ ಗಿಡ ನೆಡಲಿ. ಒಳ್ಳೆಯ ಮನಸ್ಸಿನಿಂದಲೇ ಹೊರದೇಶದ ಗ್ಲಿರಿಸಿಡಿಯಾ ಗಿಡ ನೆಟ್ಟು ಹುಲ್ಲು ಹಾಳು ಮಾಡಿದ ಮಾಳಗಳು ಈ ಕಡೆ ಬೇಕಾದಷ್ಟಿವೆ. ತೋಳ ಅಂದರೆ ದಟ್ಟ ಕಾಡು ಅಂತ ಚಿತ್ರಗಳು ಹೇಳಿಕೊಟ್ಟಿವೆ. ಹಾಗಾಗಿ ಬೋಳು ಮಾಳ ಕಂಡವರಿಗೆ ಅಲ್ಲಿ ಒಂದು ಸಂಸಾರ ಇದೆ ಅಂತ ಹೊಳೆಯುವುದೇ ಇಲ್ಲ.

ಮಾಳಕ್ಕೆ ಹೊಸ ಬಡಾವಣೆ ಬಂದರೆ ಜೊತೆಗೆ ಕಸ ಬರುತ್ತದೆ, ಕಸದ ಹಿಂದೆ ನಾಯಿ ಬರುತ್ತವೆ. ನಾಯಿಗಳಿಂದ ತೋಳಕ್ಕೆ ಡಿಸ್ಟೆಂಪರ್ ಅನ್ನುವ ವೈರಸ್ ರೋಗ, ಹುಚ್ಚು ರೋಗ ಅಂಟುತ್ತದೆ. ಅಷ್ಟೇ ಅಲ್ಲ, ಪುಣೆ ಹತ್ತಿರ ಕಂಡ ವಿಚಿತ್ರ ಬಣ್ಣದ ಪ್ರಾಣಿಯೊಂದರ ಕೂದಲು ಪರೀಕ್ಷೆ ಮಾಡಿದಾಗ ಅದು ತೋಳ ಮತ್ತು ನಾಯಿಯ ಬೆರಕೆ ಅಂತ ಖಚಿತವಾಗಿ, 2023ರಲ್ಲಿ ಅದು ಪ್ರಕಟವೂ ಆಯಿತು. 'ಇದು ನಾಯಿ ಅಲ್ವಾ' ಅನ್ನುವ ಪ್ರಶ್ನೆ ಮುಂದೊಂದು ದಿನ ನಿಜವಾಗಿಬಿಟ್ಟರೆ ಕಷ್ಟ.

ಚಿತ್ರದಲ್ಲಿ ಮರಿ ಬಾಯಿ ನೆಕ್ಕುತ್ತಿತ್ತು ಅಂದೆನಲ್ಲ. ನಿಮ್ಮ ಪುರವಣಿಯ ಚಿತ್ರದಲ್ಲೂ ಅದೇ ಭಂಗಿ ಇತ್ತು. ಆ ಭಂಗಿಗೆ 'ಅಪ್ಪನಿಗೊಂದು ಮುತ್ತು' ಅಂತಲೂ ಬರೆದಿದ್ದಿರಿ. ಅದು ಮುತ್ತಲ್ಲ, ಊಟದ ಕರೆ. ದೂರ ಹೋಗಿ ತಿಂದು ಬಂದ ತೋಳದ ಬಾಯಿ ನೆಕ್ಕಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿ ಮರಿಗೆ ಕೊಡುತ್ತದೆ. ಅಪ್ಪ ಅಷ್ಟೇ ಅಲ್ಲ, ಹೋದ ವರ್ಷದ ಅಕ್ಕ ಅಣ್ಣಂದಿರೂ ಹಾಗೆ ತಂದು ಉಣಿಸುತ್ತಾರೆ. ನನಗೆ ಮುತ್ತಿಗಿಂತ ಇದೇ ದೊಡ್ಡದು ಅನ್ನಿಸುತ್ತದೆ. ಮುತ್ತು ಯಾರು ಬೇಕಾದರೂ ಕೊಡುತ್ತಾರೆ.

ಸಂಸಾರದ ಮಾತು ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಸುತ್ತುತ್ತಾ ಇರುತ್ತದೆ. ಹಿಮದಲ್ಲಿ ಸಾಲಾಗಿ ನಡೆಯುವ ತೋಳಗಳು. ಮುಂದೆ ಮುದುಕರು, ರೋಗಿಗಳು, ಕೊನೆಗೆ ನಾಯಕ ಅಂತ ಉಪದೇಶ. ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲೂ ಬಂದಿತ್ತು. ಫೋಟೋ ನಿಜ, ಕೆನಡಾದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದ್ದು. ಉಪದೇಶ ಸುಳ್ಳು. ಆಳವಾದ ಹಿಮ ಬಿದ್ದಾಗ ಮುಂದಿನದು ದಾರಿ ಮಾಡುತ್ತದೆ, ಉಳಿದವು ಅದರ ಹೆಜ್ಜೆಯಲ್ಲಿ ನಡೆದು ಶಕ್ತಿ ಉಳಿಸಿಕೊಳ್ಳುತ್ತವೆ. ಅಷ್ಟೇ. 'ಆಲ್ಫಾ', ಅಂದರೆ ಬಲದಿಂದ ಗುಂಪು ಆಳುವ ಯಜಮಾನ ತೋಳ, ಅನ್ನುವ ಗಲಾಟೆಯೂ ಹೀಗೇ. 1940ರ ದಶಕದಲ್ಲಿ ಮೃಗಾಲಯದಲ್ಲಿ ಕೂಡಿ ಹಾಕಿದ್ದ ತೋಳಗಳನ್ನು ನೋಡಿ, ಅವು ಕಚ್ಚಾಡಿ ಯಜಮಾನಿಕೆ ಹಿಡಿಯುತ್ತವೆ ಅಂತ ಬರೆದರು. ಆ ಮಾತನ್ನು ತನ್ನ 1970ರ ಪುಸ್ತಕದಲ್ಲಿ ಜಗತ್ತಿಗೆಲ್ಲ ಹಬ್ಬಿಸಿದ ಅಮೆರಿಕದ ಡೇವಿಡ್ ಮೆಕ್ ಅವರೇ ಮುಂದೆ ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿ, ಅದು ಹಾಗಲ್ಲ, ಗುಂಪು ಅಂದರೆ ಅಪ್ಪ ಅಮ್ಮ ಮಕ್ಕಳು ಅಂತ 1999ರಲ್ಲಿ ತಿದ್ದಿ ಬರೆದರು. ಫೋನ್ ಕವರಿನ ಮೇಲೆ ಹಲ್ಲು ಕಿರಿಯುವ ತೋಳ ಹಾಕಿಕೊಂಡ ನಮ್ಮ ಹುಡುಗರಿಗೆ ಈ ತಿದ್ದುಪಡಿ ಇನ್ನೂ ತಲುಪಿಲ್ಲ.

ಹಲ್ಲು ಕಿರಿಯುವ ವಿಷಯದಲ್ಲಿ ಪತ್ರಿಕೆಗಳ ಪಾಲೂ ಇದೆ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಮಕ್ಕಳ ಮೇಲೆ ಬಿದ್ದವು. ಜೀವ ಹೋದವು. ಅದು ಸಣ್ಣ ವಿಷಯ ಅಲ್ಲ, ಮುಚ್ಚಿಡಲೂ ಬಾರದು. ಆದರೆ ಆ ಸುದ್ದಿಯ ಪಕ್ಕದಲ್ಲೂ ಬಂದದ್ದು ಅದೇ ಹಿಮದ ತೋಳ, ಬಾಯಲ್ಲಿ ರಕ್ತ ಬೇರೆ. ಹಾಗೆ ನೋಡಿದರೆ ನಮ್ಮ ಬಯಲಲ್ಲಿ ತೋಳದಿಂದ ಕುರಿಗಾರರಷ್ಟು ನಷ್ಟ ಪಟ್ಟವರು ಯಾರೂ ಇಲ್ಲ. ನಮ್ಮ ಚಿಕ್ಕಪ್ಪನ ಹಟ್ಟಿಯಿಂದ ತೋಳ ಕುರಿಮರಿ ಎತ್ತಿಕೊಂಡು ಹೋದರೆ ಅವ್ವ ಬೈಯುತ್ತಿದ್ದಳು, ಚಿಕ್ಕಪ್ಪನೂ ಬೈಯುತ್ತಿದ್ದ. ಕಲ್ಲು ಬೀಸಿ ಓಡಿಸುತ್ತಿದ್ದ. ಆಮೇಲೆ 'ಅದರ ಪಾಲು ಅದು ಒಯ್ದೈತಿ' ಅಂತ ಬೀಡಿ ಹಚ್ಚುತ್ತಿದ್ದ. ಎಲ್ಲ ಕುರಿಗಾರರೂ ಹಾಗೆ ಬಿಟ್ಟುಬಿಡುತ್ತಾರೆ ಅಂತ ನಾನು ಹೇಳುವುದಿಲ್ಲ. ವಿಷ ಇಡುವವರೂ ಇದ್ದಾರೆ, ಗವಿಗೆ ಹೊಗೆ ಹಾಕುವವರೂ ಇದ್ದಾರೆ. ಕುರಿ ಸತ್ತರೆ ಪರಿಹಾರ ಕೊಡುವ ವ್ಯವಸ್ಥೆ ಇದೆ. ಆದರೆ ಹಿಂಡಿನ ಜೊತೆ ಊರೂರು ತಿರುಗುವವನು ಪಂಚನಾಮೆ, ಅರ್ಜಿ ಅಂತ ಎಲ್ಲಿ ಕೂರುತ್ತಾನೆ? ಈ ಬಗ್ಗೆ ನಿಮ್ಮ ಪತ್ರಿಕೆ ಒಂದು ವರದಿ ಮಾಡಿದರೆ ಚಿತ್ರಕ್ಕಿಂತ ಜಾಸ್ತಿ ಉಪಯೋಗ ಆದೀತು.

ಆದರೂ ಚಿತ್ರದ ಕೋರಿಕೆ ಬಿಡುವುದಿಲ್ಲ. ಮುಂದಿನ ಸಲ ಬಂಕಾಪುರದ ಬಗ್ಗೆಯೋ ಮೇಲುಕೋಟೆಯ ಅಭಯಾರಣ್ಯದ ಬಗ್ಗೆಯೋ ಬರೆಯುವಾಗ ನಮ್ಮ ತೋಳವನ್ನೇ ಹಾಕಿ. ಕೆಳಗೆ ಎಲ್ಲಿಯದು ಅಂತ ಒಂದು ಸಾಲು ಇರಲಿ. ಹೊರಗಿನ ಚಿತ್ರ ಹಾಕಬೇಡಿ ಅಂತಲ್ಲ. ಹಾಕಿದರೆ ಉತ್ತರ ಅಮೆರಿಕದ ತೋಳ ಅಂತ ಬರೆಯಿರಿ, ಓದುಗರು ಎರಡನ್ನೂ ಹೋಲಿಸಿ ನೋಡಲಿ. ಬರೆಯುವವರು ಸಿಗುವುದಿಲ್ಲ ಅನ್ನಬೇಡಿ. ಧಾರವಾಡ, ಕಲಬುರಗಿ, ಮೈಸೂರು, ಇತ್ತ ಮುಂಬೈ, ಪುಣೆ ಎಲ್ಲ ಕಡೆ ಚಿತ್ರಕಲೆ ಓದುವ ಕನ್ನಡದ ಮಕ್ಕಳಿದ್ದಾರೆ. ಅವರಿಗೊಂದು ಸ್ಪರ್ಧೆ ಇಡಿ. ನೋಡದೆ ಬರೆಯಬೇಡಿ ಅಂತ ಒಂದೇ ಷರತ್ತು ಹಾಕಿ. ಪುಣೆ ಅರಣ್ಯ ಇಲಾಖೆಯವರು ಇಂದಾಪುರದ ಕಡಬನವಾಡಿ, ಬಾರಾಮತಿಯ ಶಿರ್ಸುಫಳ ಕಡೆ ಹುಲ್ಲುಗಾವಲು ಸಫಾರಿ ಶುರು ಮಾಡಿದ್ದಾರೆ. ಹೋದವರಿಗೆ ತೋಳ ಕಾಣದಿದ್ದರೂ ಅದು ಇರುವ ಜಾಗದ ಬಣ್ಣ ಕಾಣುತ್ತದೆ. ಚಿತ್ರಗಾರರಿಗೆ ಅದೂ ಬೇಕು.

ಒಂದು ಎಚ್ಚರಿಕೆ ಮಾತ್ರ. ಚಳಿಗಾಲದಲ್ಲಿ ತೋಳ ಮರಿ ಹಾಕುತ್ತದೆ. ಆಗ ಗವಿಯ ಹತ್ತಿರ ಯಾರೂ ಹೋಗಬಾರದು. ಜನ ಸುಳಿದಾಡಿದರೆ ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ, ದಾರಿಯಲ್ಲಿ ನಾಯಿಗಳ ಕಣ್ಣಿಗೆ ಬಿದ್ದರೆ ಮುಗಿಯಿತು. ಆದ್ದರಿಂದ ಯಾರೇ ಚಿತ್ರ ಕಳಿಸಿದರೂ, ಫೋಟೋ ಕಳಿಸಿದರೂ ಊರಿನ ಹೆಸರು, ಹಳ್ಳದ ಹೆಸರು ಅಚ್ಚು ಹಾಕಬೇಡಿ. ತಾಲ್ಲೂಕು ಸಾಕು. ನಮ್ಮ ಹುಡುಗಿ ತನ್ನ ಚಿತ್ರಕ್ಕೆ 'ಪುಣೆ ಜಿಲ್ಲೆ' ಅಂತಷ್ಟೇ ಬರೆದಿದ್ದಾಳೆ. ನಾನು ಎಷ್ಟು ಕೇಳಿದರೂ ಜಾಗ ಹೇಳಲಿಲ್ಲ, ಸಾಸವಡದ ಆಚೆ ಅನ್ನುವುದಕ್ಕಿಂತ ಮುಂದೆ ಹೋಗಲಿಲ್ಲ. ಅಲ್ಲಿ ಅವಳು ದುರ್ಬೀನಿನಲ್ಲಿ ದೂರದಿಂದ ನೋಡಿದ್ದಂತೆ, ಜೊತೆಗೆ ಒಬ್ಬ ಧನಗರ ಅಜ್ಜ ಇದ್ದರಂತೆ.

ಅವಳ ಚಿತ್ರಕ್ಕೆ ತೆಳು ಸಾಗವಾನಿ ಪಟ್ಟಿ, ಮಾಸಲು ಬಿಳಿ ಮೌಂಟ್ ಹಾಕಿಕೊಟ್ಟೆ. ಕಂಬ ಕಾಣುವ ಹಾಗೆಯೇ. ಪತ್ರಿಕೆಗೆ ಬೇಕಿದ್ದರೆ ಚಿತ್ರದ ಫೋಟೋ ಕಳಿಸಲು ಅವಳು ಒಪ್ಪಿದ್ದಾಳೆ. ದಯವಿಟ್ಟು ಅವಳ ಹೆಸರು ಹಾಕಿ, ಗೌರವಧನವನ್ನೂ ಕೊಡಿ. ಬಣ್ಣದ ಬೆಲೆ ಈಗ ಬಹಳ ಏರಿದೆ.

ಇಂತಿ,
ನಿಮ್ಮ ಓದುಗ, ಫ್ರೇಮ್ ಅಂಗಡಿಯವ
ನಾರಾಯಣ ಪೇಟೆ, ಪುಣೆ